ಎರಡು ಅಂಕದ ಪ್ರಶ್ನೆ

ಡಿಸೆಂಬರ್. ಬೆಳಗಿನ ಹತ್ತು ಗಂಟೆ.
ಸೂರ್ಯ ರಜೆ ಹಾಕಿ ಎರಡು ವಾರವಾಯಿತು,
ಜನವರಿ ಅರ್ಧ ಕಳೆಯುವ ತನಕ ಬರುವವನಲ್ಲ.
ಕಿಟಕಿಯಾಚೆ
ಮಸಿಯಲ್ಲಿ ಅದ್ದಿ ಹಿಂಡಿದ ಬಟ್ಟೆಯಂಥ ನೀಲಿ.
ಹತ್ತನೇ ತರಗತಿಯ ಹದಿನೇಳು ಮಕ್ಕಳು
ಒದ್ದೆ ಕೈಗವಸುಗಳನ್ನು ಹೀಟರಿನ ಮೇಲೆ ಹರವಿ
ಆಕಳಿಸುತ್ತ ಕೂತಿದ್ದಾರೆ.
ಇವತ್ತಿನ ಪಾಠ: ಜಗತ್ತು.

ನಮ್ಮ ಕಿರ್ಕೆನೆಸ್ಸಿಗೆ ಜಗತ್ತು ದೂರವೇನಲ್ಲ.
ಬೀದಿಯ ಫಲಕಗಳಿಗೆ ಎರಡೆರಡು ಲಿಪಿ.
ಕಾರಿನಲ್ಲಿ ಕಾಲು ಗಂಟೆ ಹೋದರೆ ಗಡಿ,
ಅದರಾಚೆ ಗ್ಲೆಬನ ಅಜ್ಜಿ.
ಯುದ್ಧ ಶುರುವಾದಂದಿನಿಂದ ಫೋನಿನಲ್ಲಿ ಇಬ್ಬರೂ
ಹವಾಮಾನ ಬಿಟ್ಟು ಬೇರೆ ಮಾತಾಡಿಲ್ಲ.
'ಇಲ್ಲಿ ಹಿಮ.'
'ಇಲ್ಲೂ ಹಿಮವೇ.'

ರಿಸ್ತೆನ್ ಮನೆಯವರದು ಹಿಮಸಾರಂಗದ ಹಿಂಡು.
ಬೇಲಿ ಬರುವ ಮೊದಲು ಆಚೆಯ ಮೇವೂ
ಅವರ ಮುತ್ತಜ್ಜನದೇ.
ನಕ್ಷೆ ಬಿಡಿಸು ಅಂದರೆ ನದಿ, ಗುಡ್ಡ, ಕೊಲ್ಲಿ
ಎಲ್ಲಕ್ಕೂ ಪೆನ್ನು, ಗಡಿಗೆ ಮಾತ್ರ ಪೆನ್ಸಿಲ್.
ಯಾಕೆ ಅಂತ ಕೇಳಿದೆ.
'ಪೆನ್ನಲ್ಲಿ ಮಸಿ ಮುಗಿಯಿತು' ಅಂದಳು.

ಪುಟ ನೂರ ಹದಿನಾಲ್ಕು ತೆಗೆಯಿರಿ.
ಹೊಸ ಪುಸ್ತಕ, ಇನ್ನೂ ಅಂಟಿನ ವಾಸನೆ.
ಚಿತ್ರದಲ್ಲಿ, ಗಡಿ ಠಾಣೆಯ ಬದಿಗೆ, ಹಿಮದಲ್ಲಿ
ಒಂದರ ಮೇಲೊಂದು ಬಿದ್ದ ಸೈಕಲ್ಲುಗಳ ರಾಶಿ.
ಎರಡು ಸಾವಿರದ ಹದಿನೈದು.
ಆಚೆಯಿಂದ ನಡೆದು ಬರಲು ಅಪ್ಪಣೆ ಇರಲಿಲ್ಲ,
ಉರುಳಿಕೊಂಡು ಬರಲು ಅಡ್ಡಿ ಇರಲಿಲ್ಲ.
ಕೆಳಗೆ ಪ್ರಶ್ನೆ:
ಈ ಚಿತ್ರದ ಹಿಂದಿನ ಕಾರಣಗಳನ್ನು
ಎರಡು ವಾಕ್ಯಗಳಲ್ಲಿ ಬರೆಯಿರಿ.
ಅಂಕ ಎರಡು.

ಕೈ ಎತ್ತದವನು ನವ್ವಾರ್, ಎತ್ತಿದ.
'ಟೊರುನ್,' ಅಂದ (ನಮ್ಮಲ್ಲಿ ಹೆಸರು ಹಿಡಿದೇ ಕರೆಯುವುದು)
'ಇದು ನನ್ನದು.'
ರಾಶಿಯ ಎಡ ಅಂಚಿನಲ್ಲಿ ಅವನ ಬೆರಳು,
ಬೆರಳಿನಡಿ ಗುಲಾಬಿ ಬಣ್ಣದ ಪುಟ್ಟ ಸೈಕಲ್,
ಹ್ಯಾಂಡಲ್ಲಿಗೆ ಪ್ಲಾಸ್ಟಿಕ್ ಕುಚ್ಚು.
'ಹುಡುಗಿಯರ ಸೈಕಲ್ ಅಂತ ಅತ್ತಿದ್ದೆ.
ಮಾರುವವನ ಹತ್ತಿರ ಬೇರೆ ಇರಲಿಲ್ಲ.
ಇದಕ್ಕೆ ಬ್ರೇಕೂ ಇರಲಿಲ್ಲ.
ಅಪ್ಪನ ಒಂದು ಕೈಯಲ್ಲಿ ಅವನ ಹ್ಯಾಂಡಲ್,
ಇನ್ನೊಂದರಲ್ಲಿ ನನ್ನ ಕಾಲರು.
ನಾನು ಸೈಕಲ್ ಕಲಿತದ್ದು ಅಲ್ಲೇ.'

ಯಾರೋ ನಕ್ಕರು.
ನಕ್ಕವರು ಬಾಯಿ ಮುಚ್ಚುವಷ್ಟರಲ್ಲಿ ಅವನೂ ನಕ್ಕ.
ಆಮೇಲೆ ಹದಿನಾರು ತಲೆಗಳು
ಒಂದೇ ಪುಸ್ತಕದ ಮೇಲೆ.
ಸೀಟು ಎತ್ತರವಾಗಿರಲಿಲ್ವಾ? ಬಿದ್ದೆಯಾ?
ಆಮೇಲೆ ಎಲ್ಲಿ ಹೋಯಿತು?
'ಗುಜರಿಗೆ. ಇಲ್ಲಿನ ಸುರಕ್ಷತಾ ನಿಯಮಕ್ಕೆ
ಹೊಂದಲಿಲ್ಲವಂತೆ.'

ಎಂಬತ್ತಾರನೆಯ ಪುಟದಲ್ಲಿ ಇನ್ನೊಂದು ಚಿತ್ರವಿದೆ.
ನಲವತ್ತನಾಲ್ಕರ ಚಳಿ, ಊರು ಬೂದಿ,
ಕಬ್ಬಿಣದ ಗಣಿಯ ಸುರಂಗದಲ್ಲಿ ಅಡಗಿದ ಜನ.
ಅಲ್ಲಿ ಹುಟ್ಟಿದ ಕೂಸುಗಳಲ್ಲಿ ಒಂದು ನನ್ನಮ್ಮ.
ಸಾಯುವ ತನಕ ಕೋಣೆಯ ಬಾಗಿಲು ಹಾಕಿ ಮಲಗಿದವಳಲ್ಲ.
ಇಪ್ಪತ್ತಾರು ವರ್ಷ ಈ ಪಾಠ ಮಾಡಿದ್ದೇನೆ,
ಇಸವಿ ಹೇಳಿದ್ದೇನೆ, ಸೇನೆಗಳ ಹೆಸರು ಹೇಳಿದ್ದೇನೆ,
ಬಾಗಿಲಿನ ಮಾತು ಎತ್ತಿಲ್ಲ.
'ಸ್ವಲ್ಪ ಹಿಂದಕ್ಕೆ ಹೋಗಿ,' ಅಂದೆ, 'ಎಂಬತ್ತಾರು.'
ಗಂಟಲಲ್ಲಿ ಸೀಮೆಸುಣ್ಣ ಕೂತ ಹಾಗೆ.
ಕಾಗದ ಮಗುಚುವ ಸದ್ದು.

ಗಂಟೆ ಹೊಡೆದಾಗ ಕೊನೆಯ ಅಧ್ಯಾಯ ಹಾಗೇ ಉಳಿದಿತ್ತು:
'ಭವಿಷ್ಯ', ಒಂಬತ್ತು ಪುಟ,
ಗಾಳಿಯಂತ್ರದ ಕೆಳಗೆ ನಗುವ ಮಕ್ಕಳು.
'ಇದು ಪರೀಕ್ಷೆಗೆ ಬರುತ್ತಾ?' ರಿಸ್ತೆನ್ ಕೇಳಿದಳು.
ಬರಬಹುದು, ಅಂದೆ.

ಮಧ್ಯಾಹ್ನದ ಕತ್ತಲಲ್ಲಿ ಉತ್ತರ ತಿದ್ದಲು ಕೂತೆ.
ನವ್ವಾರ್ ಕೇಳಿದಷ್ಟೇ ಬರೆದಿದ್ದಾನೆ, ಎರಡು ವಾಕ್ಯ:
'ಕಾರಣ ನನಗೆ ಗೊತ್ತಿಲ್ಲ.
ರಸ್ತೆ ಇಳಿಜಾರಾಗಿತ್ತು.'

ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.
ಕೆಳಗೆ, ಶಾಲೆಯ ದಾರಿಯ ದೀಪದಡಿ
ಮೊಳೆ ಟೈರಿನ ಸೈಕಲ್ ಹತ್ತಿ ಅವನು
ಬ್ರೇಕು ಹಿಡಿದು, ಬಿಟ್ಟು, ಹಿಡಿದು
ಇಳಿದು ಹೋಗುತ್ತಿದ್ದ.
ಹೀಟರಿನ ಮೇಲೆ ಅವನದೇ ಇರಬೇಕು,
ಒಂಟಿ ಕೈಗವಸು.