ಐದು ನಿಮಿಷದ ಹಳತು

ಮೂರು ವಾರ ಹಿಡಿಯಿತು ಇದನ್ನು ಮುದಿ ಮಾಡಲು.
ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸರಿಯಾಗಿ ಒಂದು ಗೇಣು,
ನಲವತ್ತೆಂಟರಲ್ಲಿ ಒಂದು ಪಾಲಿನ ಸ್ಪಿಟ್‌ಫೈರ್.

ಮೊದಲು ಬೆಳ್ಳಿ. ಆರಿದ ಮೇಲೆ
ಕೂದಲಿಗೆ ಹೊಡೆಯುವ ಸ್ಪ್ರೇ (ತಂಗಿಯದು, ಕೇಳದೆ ತೆಗೆದದ್ದು).
ಅದರ ಮೇಲೆ ಮರಳುಗಾಡಿನ ಕಂದು,
ಕಂದಿನ ಮೇಲೆ, ಹಡಗಿನಲ್ಲಿ ಅವಸರಕ್ಕೆ ಬಳಿದರಂತಲ್ಲ,
ಆ ನೀಲಿ.
ಒದ್ದೆ ಟೂತ್‌ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿದರೆ
ಗಾಯದ ಹಕ್ಕಳೆಯಂತೆ ಏಳುತ್ತದೆ ಬಣ್ಣ,
ಒಳಗಿನ ಲೋಹ ಇಣುಕುತ್ತದೆ.

ಬಿಸಿಲಿಗೆ ಬೆಳ್ಳಗಾದ ಕಲೆಗಳಿಗೆ ಉಪ್ಪು ಬೇಕು.
ಗೋಜೋದ ದಂಡೆಯಲ್ಲಿ, ಕಲ್ಲಿನ ಮಡಿಗಳಲ್ಲಿ
ಸಮುದ್ರವನ್ನು ಒಣಗಿಸಿ ಬಾಚಿದ ಹರಳುಪ್ಪು.
ಒಳಗಿನಿಂದ ದೋಲೋರೆಸ್ ಕೂಗುತ್ತಾಳೆ:
ವಿತೋರ್, ಸೂಪಿಗೆ ಒಂದು ಚಿಟಿಕೆಯಾದರೂ ಉಳಿಸಿದ್ದೀಯಾ?

ಮೂವತ್ತು ವರ್ಷ ಬೋರ್ಮ್ಲಾದ ಹಡಗುಕಟ್ಟೆಯಲ್ಲಿ
ಹಡಗುಗಳ ವಯಸ್ಸು ಕೆರೆದು ಕೆರೆದು
ಹೊಸ ಬಣ್ಣ ಬಳಿದ ಕೈ ಇದು.
ಪಿಂಚಣಿ ಬಂದ ಮೇಲೆ ಕಸುಬು ತಿರುಗಾಮುರುಗಾ.

ಎಣ್ಣೆ ಸೋರಿದ ಗೆರೆ, ಕೂದಲೆಳೆಯ ಕುಂಚದಲ್ಲಿ.
ಹೊಗೆಯ ಕಪ್ಪು, ಇದ್ದಿಲು ಅರೆದು.
ನಮ್ಮ ಮನೆಯ ಗೋಡೆಯನ್ನೇ ಉಗುರಲ್ಲಿ ಕೆರೆದು
ಹಳದಿ ಸುಣ್ಣಕಲ್ಲಿನ ಧೂಳು, ಚಕ್ರಕ್ಕೆ, ಹೊಟ್ಟೆಗೆ.
ಈ ದ್ವೀಪದಲ್ಲಿ ಧೂಳಿಗೇನೂ ಬರವಿಲ್ಲ.
ಸ್ಪರ್ಧೆ ಮುಂದಿನ ಶನಿವಾರ. ನಾನು ಬೀಗುತ್ತಿದ್ದೆ.

ಅಷ್ಟರಲ್ಲಿ ಕಾರ್ಮ್ನು ಬಂದ,
ಎರಡು ಮನೆ ಆಚೆಯವನು, ತೊಂಬತ್ತು ದಾಟಿದವನು,
ಮೊಟ್ಟೆ ಕೊಡುವ ನೆಪ.
ಭೂತಗನ್ನಡಿ ಹಿಡಿದು ಬಾಲದಿಂದ ಮೂತಿಯವರೆಗೆ
ಎಮ್ಮೆ ಕೊಳ್ಳುವವನ ಹಾಗೆ ನೋಡಿದ.
ಪಕ್ಕೆಯ ಮೇಲಿನ ಅಕ್ಷರದ ಹತ್ತಿರ ನಿಂತ.

'ಇದು ತಾ ಆಲಿಯಲ್ಲಿ ಇಳಿದಾಗ ನಾನಿದ್ದೆ.
ಪೆಟ್ರೋಲ್ ಡಬ್ಬಿಗಳಿಗೆ ಕಲ್ಲು ತುಂಬುತ್ತಿದ್ದೆವು ಹುಡುಗರು,
ವಿಮಾನ ನಿಲ್ಲಿಸುವ ಗೋಡೆ ಕಟ್ಟಲು.
ಹನ್ನೊಂದಕ್ಕೆ ಬಂತು.
ಮೂರಕ್ಕೆ ಸುಟ್ಟುಹೋಯಿತು, ನಿಂತಲ್ಲೇ.
ಇಷ್ಟು ಹಳತಾಗಲು ಅದಕ್ಕೆ ಪುರುಸೊತ್ತು ಎಲ್ಲಿತ್ತು, ವಿತೋರ್?'

ಮೊಟ್ಟೆ ಇಟ್ಟು ಹೋದ.

ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಹಾಕಿದೆ.
ನಾಲ್ಕು ಗಂಟೆ ಎಂದರೆ ಇನ್ನೂರ ನಲವತ್ತು ನಿಮಿಷ.
ನಲವತ್ತೆಂಟರಿಂದ ಭಾಗಿಸು.
ಐದು.

ಬೆಳಿಗ್ಗೆ ಎಲ್ಲ ತೊಳೆದೆ.
ಮೂರು ವಾರದ ಬಿಸಿಲು, ಎಣ್ಣೆ, ಇದ್ದಿಲು
ಬಚ್ಚಲಿನಲ್ಲಿ ಬೂದುನೀರಾಗಿ ಸುತ್ತಿ ಇಳಿಯಿತು.
ಮತ್ತೆ ಕಂದು. ಮತ್ತೆ ನೀಲಿ, ಈ ಸಲ ಕುಂಚದಲ್ಲಿ,
ಅಡ್ಡಾದಿಡ್ಡಿ, ಹಡಗು ಓಲಾಡುತ್ತಿದೆ ಎಂದುಕೊಂಡು.
ಮೂಲೆಯಲ್ಲಿ ಕಂದು ಇಣುಕಿದರೆ ಇಣುಕಲಿ.

ದೋಲೋರೆಸಳ ಅಡುಗೆ ಗಡಿಯಾರ ತಿರುಗಿಸಿಟ್ಟೆ, ಐದಕ್ಕೆ.
ಚಕ್ರಕ್ಕೆ ಧೂಳು, ಊದಿ.
ಕಡಲು ದಾಟಿದ್ದಕ್ಕೆ ಹೊಗೆಕೊಳವೆಗಳ ಹಿಂದೆ ತುಸು ಮಸಿ.
ಎಡರೆಕ್ಕೆಯ ಬುಡದಲ್ಲಿ ಒಂದೇ ಒಂದು ಬೂಟಿನ ಗೀರು,
ಇಳಿದದ್ದು. ಹತ್ತಿದ್ದಿಲ್ಲ.
ಇನ್ನೂ ಒಂದು ನಿಮಿಷ ಉಳಿದಿತ್ತು.
ಏನು ಮಾಡಲಿ ಎಂದು ತೋಚದೆ
ಕೈ ಕಟ್ಟಿ ಕೂತೆ, ಗಂಟೆ ಬಡಿಯುವ ತನಕ.

ಕಾರ್ಮ್ನು ಮತ್ತೆ ಬಂದ. ಮೊಟ್ಟೆಯಿಲ್ಲದೆ.
ಬಹಳ ಹೊತ್ತು ನೋಡಿದ, ಭೂತಗನ್ನಡಿ ಮುಟ್ಟಲಿಲ್ಲ.
ತೋರುಬೆರಳು ಮುಂದೆ ಬಂತು.
ಬೇಡ, ಅಂದೆ. ಬಣ್ಣ ಇನ್ನೂ ಹಸಿ.
ಬೆರಳು ಗಾಳಿಯಲ್ಲೇ ನಿಂತಿತು.

'ಆಗಲೂ ಹಾಗೇ ಅಂದರು,' ಎಂದ.
'ಕೆಂಪು ಕೂದಲಿನ ಒಬ್ಬ ಮೆಕ್ಯಾನಿಕ್. ಹಸಿಯಿದೆ,
ಮುಟ್ಟಬೇಡ, ಸಂಜೆ ಬಾ.'

ಕುರ್ಚಿ ಎಳೆದುಕೊಂಡ. ಟೋಪಿ ತೆಗೆದು ಮೊಣಕಾಲಿಗೆ ಹಾಕಿದ.
'ಒಣಗಲಿ. ಕೂತಿರುತ್ತೇನೆ.'