ನೀಲಿಗೆ ಎರಡು ವಾರ

ಸಿಸಿಮಿಯುಟ್‌ನಲ್ಲಿ ಡಿಸೆಂಬರಿನ ಬೆಳಗು ಹೆಸರಿಗಷ್ಟೇ.
ಒಂಬತ್ತಾದರೂ ದೀಪ ಹಚ್ಚಿಕೊಂಡೇ ಇರುತ್ತದೆ ಆಸ್ಪತ್ರೆ;
ಬೆಟ್ಟದ ಬುಡದಲ್ಲಿ ಸರಪಳಿಯ ನಾಯಿಗಳು,
ಒಂದು ಶುರುಮಾಡಿದರೆ ಸಾಕು, ಊರಿಗೆ ಊರೇ ಊಳಿಡುತ್ತದೆ.

ಮಿನಿಕ್, ಏಳು ತಿಂಗಳ ಕೂಸು,
ಕೆಮ್ಮಿಗೆಂದು ಬಂದದ್ದು.
ಎತ್ತಿಕೊಂಡವಳು ಅಕ್ಕ, ಆರು ವರ್ಷದ ಕುಪಾನುಕ್
(ನಮ್ಮ ಮಾತಿನಲ್ಲಿ ಪುಟ್ಟ ಹಕ್ಕಿ).
ಹಿಂದೆ ತಾಯಿ, ಎಷ್ಟು ತೊಳೆದರೂ ಸೀಗಡಿ ಕಾರ್ಖಾನೆ ಬಿಡದ ಕೈ.
ಬಾಗಿಲಾಚೆ ತಾಯಿಯ ಗೆಳೆಯ,
ಬೆರಳಲ್ಲಿ ಗಾಡಿಯ ಕೀಲಿ ಸುತ್ತುತ್ತ.

ಡಾಕ್ಟರ್ ಎಸ್ಬೆನ್ ಡೆನ್ಮಾರ್ಕಿನಿಂದ ಬಂದು ಹನ್ನೊಂದು ದಿನ.
ಕೂಸನ್ನು ಬೋರಲು ಮಲಗಿಸಿ, ಅಂಗಿ ಎತ್ತಿ,
ಸೊಂಟದ ಕೆಳಗಿನ ನೀಲಿ ನೋಡಿದ್ದೇ
ಕೆಮ್ಮು ಮರೆತರು.

ಹುಟ್ಟಿನ ಮಚ್ಚೆ ಡಾಕ್ಟರೇ, ಎಂದೆ.
ನನಗಿತ್ತು, ನನ್ನಮ್ಮನಿಗಿತ್ತು,
ಇಲ್ಲಿನ ಶಿಶುವಿಹಾರವನ್ನೆಲ್ಲ ಬೋರಲು ಮಲಗಿಸಿದರೆ
ನಿಮಗೊಂದು ಸಮುದ್ರವೇ ಕಾಣುತ್ತದೆ.

ಒಳ್ಳೆಯವರು. ಮುಖ ಕೆಂಪಾಯಿತು.
ಆದರೂ ನಿಯಮ ನಿಯಮವೇ: ಅಳೆ, ಬರೆದಿಡು, ಕಾಯಿ.
ಪೆಟ್ಟಿನ ನೀಲಿ ಹಸಿರಾಗಿ, ಹಳದಿಯಾಗಿ, ಹೇಳದೆ ಹೋಗಿಬಿಡುತ್ತದೆ.
ಹುಟ್ಟಿನ ನೀಲಿ ಹಾಗೇ ಕೂತಿರುತ್ತದೆ, ಯಾರಿಗೂ ಹೆದರದೆ.
ಎರಡು ವಾರ, ಎಂದರು.
ಕಾಗದದ ಅಳತೆಪಟ್ಟಿ ಇಟ್ಟೆವು:
ಉದ್ದ ನಾಲ್ಕು, ಅಗಲ ಮೂರು.
ಫೋಟೊಗೆ ಬೆಳಕು ಸಾಲದೆಂದು
ಮೇಲಿನ ದೀಪ ಇಳಿಸಲು ನಾನು ಕೈ ಎತ್ತಿದೆ.

ಅಷ್ಟೆ.
ಕೈ ಎತ್ತಿದೆ.

ಕುಪಾನುಕ್ ತಮ್ಮನ ಮೇಲೆ ಕವುಚಿಕೊಂಡಳು,
ಬೆನ್ನನ್ನು ನನ್ನ ಕಡೆ ಕೊಟ್ಟು.
ಅಳಲಿಲ್ಲ. ಉಸಿರೂ ಬಿಡಲಿಲ್ಲ.
ದಿನಾ ಮಾಡುವ ಕೆಲಸ ಅದು, ಕೈಗೆ ಕೂತದ್ದು.

ನಮ್ಮ ಫಾರಂನಲ್ಲಿ ಮಗುವಿನ ಚಿತ್ರವಿದೆ,
ಮುಂದಿನದೊಂದು, ಹಿಂದಿನದೊಂದು, ಮುಖವಿಲ್ಲದ್ದು.
ಗುರುತು ಇದ್ದಲ್ಲಿ ಗೆರೆ ಎಳೆಯಬೇಕು.
ಬೆಚ್ಚಿದ್ದಕ್ಕೆ ಎಲ್ಲಿ ಎಳೆಯಲಿ?
ಅವತ್ತು ಅವಳು ರೋಗಿಯೂ ಅಲ್ಲ, ಜೊತೆಗೆ ಬಂದವಳು.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: ಅಕ್ಕ. ದೀಪ.
ಕೆಮ್ಮಿನ ಔಷಧಿ ಕೊಟ್ಟೆ.
ಹೊರಗೆ ಗಾಡಿ ಆಗಲೇ ಶುರುವಾಗಿತ್ತು.

ಹದಿನಾಲ್ಕು ದಿನ ಆ ಎರಡು ಪದ
ಗಂಟಲಲ್ಲಿ, ಮೀನಿನ ಮುಳ್ಳು.

ಮತ್ತೆ ಬಂದರು. ನೀಲಿ ಹಾಗೇ ಇತ್ತು,
ಉದ್ದ ನಾಲ್ಕು, ಅಗಲ ಮೂರು, ಕೂದಲೆಳೆಯಷ್ಟೂ ಕದಲದೆ.
ನಮ್ಮದು ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ, ಎಂದರು ಡಾಕ್ಟರು;
ನಾನು ಮಾತು ದಾಟಿಸಿದೆ.
ತಾಯಿ ಅತ್ತಳು,
ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ.

ಅಕ್ಕನ ತೂಕ ನೋಡಬೇಕು, ಎಂದೆ. ಸುಳ್ಳು.
ಪಕ್ಕದ ಕೋಣೆಯ ಬಾಗಿಲು ಮುಚ್ಚಿ
ಕೈಗಳನ್ನು ಹೀಟರಿಗೆ ಹಿಡಿದು ಬೆಚ್ಚಗೆ ಮಾಡಿಕೊಂಡೆ,
ತೊಡೆಯ ಮೇಲಿಟ್ಟುಕೊಂಡೆ, ಅವಳಿಗೆ ಕಾಣುವಂತೆ.
ಏನೂ ಕೇಳಲಿಲ್ಲ.
ಕೇಳಿದರೆ ಉತ್ತರ ನನ್ನದಾಗಿಬಿಡುತ್ತದೆ.

ತುಂಬ ಹೊತ್ತಿನ ಮೇಲೆ
ಮೇಜಿನ ಅಳತೆಪಟ್ಟಿ ಎತ್ತಿಕೊಂಡಳು.
ಸ್ವೆಟರಿನ ತೋಳು ಸರಿಸಿ
ಏನೂ ಇಲ್ಲದ ಚರ್ಮದ ಮೇಲೆ ಇಟ್ಟಳು.
ಇಲ್ಲಿತ್ತು, ಎಂದಳು.
ತಮ್ಮನದು ನೋಡಿದಿರಲ್ಲ, ಆಗ ಇತ್ತು.
ಇಲ್ಲಿಂದ ಇಲ್ಲಿಗೆ.

ನೀಲಿಗೆ ಎರಡು ವಾರ ಕೊಟ್ಟಿದ್ದೆವು.
ನಿಂತ ನೀಲಿ ನಿರಪರಾಧಿ.
ಹೋದ ನೀಲಿ

ಡಾಕ್ಟರು ಬಂದು, ಅವಳನ್ನು ಕೇಳಿ, ತೋಳು ನೋಡಿದರು.
ಏನೂ ಕಾಣುತ್ತಿಲ್ಲ, ಎಂದರು ಮೆಲ್ಲಗೆ.
ಹೌದು. ಕಾಣುತ್ತಿಲ್ಲ.
ಹೊಸ ಫಾರಂ ತೆಗೆದು ಅವಳ ಹೆಸರು ಬರೆದೆ,
ಒಂದೊಂದೇ ಅಕ್ಷರ ಅವಳನ್ನೇ ಕೇಳಿ.
ಮುಖವಿಲ್ಲದ ಚಿತ್ರದ ಎಡತೋಳಿಗೆ ಗೆರೆ ಎಳೆದೆ:
ಮೂರೂವರೆ ಸೆಂಟಿಮೀಟರ್, ಮಗು ತೋರಿಸಿದಂತೆ.
ಎಸ್ಬೆನ್ ಪೆನ್ನು ಹಿಡಿದು ಸುಮ್ಮನೆ ನಿಂತಿದ್ದರು.
ಸಹಿ ಮಾಡಿದರು.
ಫೋನು ಅವರೇ ಎತ್ತಿದರು.

ಕಿಟಕಿಯಾಚೆ ಹಾರ್ನ್, ಎರಡು ಸಲ.
ನಾಯಿಗಳು ಶುರುಮಾಡಿದವು.
ಅವಳ ಕಣ್ಣಿಗೆ ದೀಪ ಹೊಡೆಯುತ್ತಿತ್ತು. ಎದ್ದೆ.
ಎದ್ದು, ಮೊದಲು ಹೇಳಿದೆ:
ಈಗ ನಾನು ಕೈ ಎತ್ತುತ್ತೇನೆ ಕುಪಾನುಕ್,
ದೀಪಕ್ಕೆ.