ನೀಲಿ ಟೇಪಿನ ಗೆರೆ

ಶಾಲೆ ಮುಚ್ಚಿ ಇಂದಿಗೆ ಹತ್ತೊಂಬತ್ತು ದಿನ.
ಉಳಿದದ್ದು ಐವತ್ತೊಂದು. ಲೆಕ್ಕ ನನ್ನದಲ್ಲ,
ಓತ್ಸೊನದು. ಫ್ರಿಜ್ಜಿನ ಬಾಗಿಲ ಮೇಲೆ
ದಿನಕ್ಕೊಂದು ಗೆರೆ ಎಳೆಯುತ್ತಾನೆ,
ಸೆರೆಮನೆಯಲ್ಲಿರುವವನ ಹಾಗೆ.

ಕೆಮಿಯಾರ್ವಿಯಲ್ಲಿ ಈಗ ಸೂರ್ಯ ಮುಳುಗುವುದಿಲ್ಲ.
ಕೆರೆಯಂಚಿಗೆ ಬಂದು, ಕಾಲು ತೊಳೆಯುವವನಂತೆ ಬಗ್ಗಿ,
ಮತ್ತೆ ಮೇಲೇಳುತ್ತಾನೆ.
ಮಕ್ಕಳೂ ಹಾಗೇ. ಹಾಸಿಗೆಯ ತನಕ ಬಂದು
ನೀರು ಬೇಕೆಂದು ಎದ್ದು ಹೋಗುತ್ತಾರೆ.

ನಾನು ರಾತ್ರಿಯಿಡೀ ಬೇಕರಿಯಲ್ಲಿ ರೈ ಹಿಟ್ಟು ನಾದಿ
ಬೆಳಿಗ್ಗೆ ಏಳಕ್ಕೆ ಮನೆ ಸೇರುವವಳು.
ಸೋಫಾದಲ್ಲಿ ಗೊರಕೆ ಹೊಡೆಯುತ್ತ ಕಾವಲಿದ್ದ
ಪಕ್ಕದ ಮನೆಯ ಲೆಂಪಿ ಚಪ್ಪಲಿ ಹುಡುಕುವ ಹೊತ್ತಿಗೆ
ಇಬ್ಬರೂ ಎದ್ದಿರುತ್ತಾರೆ: "ಅಮ್ಮಾ, ಇವತ್ತೇನು ಮಾಡೋದು?"
ಆ ಪ್ರಶ್ನೆಗೆ ನಾನು
ಹೆಚ್ಚು ಹುಳಿಯಾದ ಹಿಟ್ಟಿನ ಹಾಗೆ ಕುಸಿಯುತ್ತೇನೆ.
ಗಂಡ ಲಾರಿಯಲ್ಲಿ, ನಾರ್ವೆಯ ಮೀನಿನ ಹಿಂದೆ.
ಶುಕ್ರವಾರ ಬರುತ್ತಾನೆ,
ಐಸ್ ಕ್ರೀಮು ಕೊಡಿಸಿ ಒಳ್ಳೆಯವನಾಗುತ್ತಾನೆ.

ಮೊದಲ ವಾರ ನಾನೂ ಒಳ್ಳೆಯವಳಿದ್ದೆ.
ಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆದೆ:
ಓದು, ಈಜು, ಚಿತ್ರ, ತಟ್ಟೆ ತೊಳೆಯುವುದು.
ಪಿಹ್ಲಾ ಅದನ್ನು ದೋಣಿ ಮಾಡಿ ಬಕೆಟ್ಟಿನಲ್ಲಿ ಬಿಟ್ಟಳು.
ಎರಡನೆಯ ವಾರ ಬೇಡಿಕೊಂಡೆ.
ಮೂರನೆಯ ವಾರ ನನ್ನ ಕೋಣೆಯ ಮುಂದೆ, ನೆಲಕ್ಕೆ
ನೀಲಿ ಟೇಪು ಅಂಟಿಸಿ ಅಂದೆ:
ಇದರಿಂದೀಚೆ ಬಂದರೆ ಪಿಸುಮಾತು ಮಾತ್ರ.

ಪಿಸುಮಾತಿನ ಜಗಳ ಕೇಳಿದ್ದೀರಾ?
ಕೂಗಿದ್ದು ಗೋಡೆಗೆ ಬಡಿದು ಸುಮ್ಮನಾಗುತ್ತದೆ.
ಪಿಸುಗುಟ್ಟಿದ್ದು ಬಾಗಿಲ ಸಂದಿಯಲ್ಲಿ ನುಸುಳಿ
ಸೊಳ್ಳೆಯಂತೆ ದಿಂಬಿನ ಮೇಲೇ ಬಂದು ಕೂರುತ್ತದೆ.
"ನನ್ನ ಕಲ್ಲು ಕೊಡು."
"ನಿನ್ನದಲ್ಲ, ಕೆರೇದು."
"ಅಮ್ಮನ್ನ ಎಬ್ಬಿಸ್ತೀನಿ."
"ಎಬ್ಬಿಸು ನೋಡೋಣ."

ನಿನ್ನೆ ಎದ್ದೇಬಿಟ್ಟೆ. ಬಾಗಿಲು ತೆರೆದು
ಎಂದೂ ಆಡದ ಮಾತು ಆಡಿದೆ. ಇಲ್ಲಿ ಬರೆಯಲಾರೆ.
ಪಿಹ್ಲಾ ಟೇಪಿನ ಮೇಲೆ ನಿಂತಿದ್ದಳು,
ಒಂದು ಕಾಲು ಆಚೆ, ಒಂದು ಕಾಲು ಈಚೆ,
ಯಾವ ದನಿಯಲ್ಲಿ ಅಳಬೇಕೆಂದು ತಿಳಿಯದೆ.

ಇವತ್ತು ಎಚ್ಚರವಾದದ್ದು ಸದ್ದಿಗಲ್ಲ,
ಸದ್ದಿಲ್ಲದ್ದಕ್ಕೆ.
ಮಕ್ಕಳಿರುವ ಮನೆ ಸುಮ್ಮನಿದೆಯೆಂದರೆ
ಒಂದೋ ಕತ್ತರಿ ಸಿಕ್ಕಿದೆ, ಇಲ್ಲವೇ ಕೆರೆ.
ಬರಿಗಾಲಲ್ಲಿ ಓಡಿದೆ. ಅಂಗಳ ಖಾಲಿ. ಜೋಕಾಲಿ ಖಾಲಿ.
ಬಾಗಿಲ ಬಳಿ ಬೂಟು ಎಣಿಸಿದೆ, ಮತ್ತೆ ಎಣಿಸಿದೆ.
ನಾಲ್ಕೂ ಇದ್ದವು.

ಊಟದ ಮೇಜಿನ ಸುತ್ತ, ಮನೆಯಲ್ಲಿದ್ದ ಕಂಬಳಿಯೆಲ್ಲ.
ಅಪ್ಪನ ಚಳಿಗಾಲದ ಕೋಟು. ಸಂದಿ ಮುಚ್ಚಲು ನನ್ನ ಏಪ್ರನ್ನು.
ಬಗ್ಗಿ ನೋಡಿದೆ: ಕತ್ತಲು.
ಬೇಸಿಗೆಯದಲ್ಲ, ನವೆಂಬರಿನ ಅಪ್ಪಟ ಕತ್ತಲು.
ಟಾರ್ಚಿನ ಬೆಳಕು ಮೇಜಿನಡಿಗೆ ಬಿದ್ದಾಗ
ಅಲ್ಲಿ ನಕ್ಷತ್ರಗಳು, ವಕ್ರವಕ್ರವಾಗಿ, ನೀಲಿ.
(ಕತ್ತರಿ ಸಿಕ್ಕಿತ್ತು. ನೆಲದ ಗೆರೆ ಇರಲಿಲ್ಲ.)

"ಮೆಲ್ಲಗೆ," ಎಂದ ಓತ್ಸೊ, "ಇಲ್ಲಿ ರಾತ್ರಿ."
ಗಂಟಲು ಕಟ್ಟಿತು. "ನನಗೋಸ್ಕರ ಮಾಡಿದಿರಾ?"
"ಇಲ್ಲ, ಕರಡಿಗೆ. ಬೆಳಕಲ್ಲಿ ಅದಕ್ಕೆ ನಿದ್ದೆ ಬರಲ್ಲ.
ಬೇಕಾದರೆ ನೀನೂ ಬಾ. ಕಾಲು ಮಡಚಬೇಕು."

ಮಡಚಿದೆ. ಪಕ್ಕೆಲುಬಿಗೆ ಕಲ್ಲೊಂದು ಒತ್ತಿತು.
ಯಾರದೆಂದು ಕೇಳಲಿಲ್ಲ.
ಪಿಹ್ಲಾ ನನ್ನ ಕೂದಲು ಮೂಸಿ "ರೊಟ್ಟಿ" ಎಂದಳು.
ನಿನ್ನೆಯ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ,
ಅಷ್ಟರಲ್ಲಿ ನಿದ್ದೆ.

ಎದ್ದಾಗ ನಾಲ್ಕು ಗಂಟೆ, ಕುತ್ತಿಗೆ ಹಿಡಿದಿತ್ತು.
ಇಬ್ಬರೂ ಒಣ ಸೀರಿಯಲ್ಲೇ ಊಟ ಮಾಡಿದ್ದರು.
ಫ್ರಿಜ್ಜಿನ ಮೇಲೆ ಇಂದಿನ ಗೆರೆಯ ಪಕ್ಕ ಇನ್ನೊಂದು ಗೆರೆ.
"ಇವತ್ತು ಎರಡು ರಾತ್ರಿ ಆಯ್ತಲ್ಲ," ಎಂದ ಓತ್ಸೊ.

ಹಾಗಾದರೆ ಉಳಿದದ್ದು ಐವತ್ತು.
ನಾನು ತಿದ್ದಲು ಹೋಗಲಿಲ್ಲ.